ಹದಿಮೂರು ಸಂಸದರ ಲೆಕ್ಕ: 1969ರ ರಾಷ್ಟ್ರಪತಿ ಚುನಾವಣೆ

ಕೇಳುಗರಿಗೆ ನಮಸ್ಕಾರ.

ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳ ಬಲಾಬಲದ ಚರ್ಚೆ ನಡೆಯುತ್ತದೆ. ಬಹಳ ಸಲ ಅದು ಬರೀ ಹರಟೆ. ಯಾರು ಗೆಲ್ಲುತ್ತಾರೆ ಎನ್ನುವುದು ನಾಮಪತ್ರ ಹಾಕಿದ ದಿನವೇ ಗೊತ್ತಿರುತ್ತದೆ. ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸದೆ ಗೆದ್ದವರು ಯಾರೆಂದು ಹೇಳಲಾಗದೆ ಹೋದದ್ದು ಒಂದೇ ಸಲ, 1969ರಲ್ಲಿ. ಒಂದು ಕಡೆ ವಿ.ವಿ. ಗಿರಿ, ಇನ್ನೊಂದು ಕಡೆ ನೀಲಂ ಸಂಜೀವ ರೆಡ್ಡಿ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ಗಿರಿ ಹಂಗಾಮಿಯಾಗಿ ಆ ಜಾಗಕ್ಕೆ ಬಂದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ, ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಕಡೆಯ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಂ ಹೆಸರು ಮುಂದಿಟ್ಟರು. ಕಾಂಗ್ರೆಸ್ಸಿನ ಸಂಸದೀಯ ಮಂಡಳಿ ಅದನ್ನು ಒಪ್ಪದೆ ಬಹುಮತದಿಂದ ರೆಡ್ಡಿಯವರನ್ನು ಆರಿಸಿತು. ಗಿರಿ ಪಕ್ಷೇತರರಾಗಿ ಕಣಕ್ಕಿಳಿದರು.

ಅನುಭವದ ಪಟ್ಟಿ ಹಿಡಿದು ನೋಡಿದರೆ ರೆಡ್ಡಿಯವರದೇ ತೂಕ. ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಎರಡು ಸಲ ಆ ಹುದ್ದೆಯಲ್ಲಿದ್ದವರು, 1960ರಿಂದ 62ರವರೆಗೆ ಕಾಂಗ್ರೆಸ್ ಅಧ್ಯಕ್ಷ, ಕೇಂದ್ರ ಸಚಿವ, 1967ರಿಂದ ಲೋಕಸಭೆಯ ಸ್ಪೀಕರ್. ಸ್ಪೀಕರ್ ಆದ ಕೂಡಲೇ ಪಕ್ಷದ ಸದಸ್ಯತ್ವ ಬಿಟ್ಟದ್ದಕ್ಕೆ ವಿರೋಧ ಪಕ್ಷಗಳಲ್ಲೂ ಗೌರವವಿತ್ತು. ವಯಸ್ಸು 56.

ಗಿರಿಯವರಿಗೆ 75. ಅವರ ಬೇರು ರೈಲ್ವೆ ಕಾರ್ಮಿಕ ಸಂಘಟನೆಯಲ್ಲಿತ್ತು. 1954ರಲ್ಲಿ ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ತಿದ್ದಿತೆಂದು ಕೇಂದ್ರ ಕಾರ್ಮಿಕ ಸಚಿವ ಸ್ಥಾನಕ್ಕೇ ರಾಜೀನಾಮೆ ಕೊಟ್ಟಿದ್ದರು. ಆಮೇಲೆ ಉತ್ತರ ಪ್ರದೇಶ, ಕೇರಳ, ಕೊನೆಗೆ 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು. ಆಗ ಇಲ್ಲಿನ ಮುಖ್ಯಮಂತ್ರಿ ಇದೇ ನಿಜಲಿಂಗಪ್ಪನವರು! 1969ರ ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ ಸುಗ್ರೀವಾಜ್ಞೆಗೆ ಹಂಗಾಮಿ ರಾಷ್ಟ್ರಪತಿಯಾಗಿ ಸಹಿ ಹಾಕಿದವರೂ ಗಿರಿಯವರೇ. ಮರುದಿನ ಹುದ್ದೆ ಬಿಟ್ಟರು. ಬೀದಿಯಲ್ಲಿ ಈ ಸಹಿಗೆ ಸಿಕ್ಕ ಜೈಕಾರ ದೊಡ್ಡದು. ಆದರೆ ರಾಷ್ಟ್ರಪತಿ ಚುನಾವಣೆಯಲ್ಲಿ ಬೀದಿಗೆ ಮತವಿಲ್ಲ.

ಮತವಿರುವುದು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ. ಎಲ್ಲರ ಮತಕ್ಕೂ ಒಂದೇ ಬೆಲೆಯಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ಸಿಗುತ್ತದೆ. 1961ರ ಜನಗಣತಿಯಂತೆ ಮೈಸೂರು ರಾಜ್ಯದಲ್ಲಿ ಸುಮಾರು 2 ಕೋಟಿ 36 ಲಕ್ಷ ಜನ, ಶಾಸಕರು 216. ಹಾಗಾಗಿ ಮೌಲ್ಯ 109. ಉತ್ತರ ಪ್ರದೇಶದ ಶಾಸಕರದು 174. ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಸಂಸದರಿಗೆ ಸಮನಾಗಿ ಹಂಚಿದಾಗ ಒಬ್ಬ ಸಂಸದರ ಮತಕ್ಕೆ 576 ಬಂತು. ಅಂದರೆ ಒಬ್ಬ ಸಂಸದ ಮೈಸೂರಿನ ಐವರು ಶಾಸಕರಿಗಿಂತ ಸ್ವಲ್ಪ ಹೆಚ್ಚು. ಈ 576ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮತಪತ್ರದಲ್ಲಿ ಚಿಹ್ನೆ ಇರುವುದಿಲ್ಲ. ಮೆಚ್ಚಿದವರ ಹೆಸರಿನ ಮುಂದೆ 1 ಎಂದು ಬರೆಯಲೇಬೇಕು. 2, 3 ಬರೆಯುವುದು ಬಿಡುವುದು ಮತದಾರರ ಇಷ್ಟ. ಸಿಂಧು ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಪಡೆದವರು ಗೆದ್ದಂತೆ. ಯಾರಿಗೂ ಅಷ್ಟು ಬಾರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳು ಮುಂದಿನ ಪ್ರಾಶಸ್ತ್ಯ ತೋರಿಸುವವರಿಗೆ ಅದೇ ಮೌಲ್ಯದಲ್ಲಿ ಹೋಗುತ್ತವೆ. ಗುಪ್ತ ಮತದಾನವಾದ್ದರಿಂದ ಯಾರು ಯಾರಿಗೆ ಹಾಕಿದರೆಂದು ಪಕ್ಷಕ್ಕೆ ತಿಳಿಯುವುದಿಲ್ಲ.

ಇನ್ನು ಬಲಾಬಲಕ್ಕೆ ಬರೋಣ. 1967ರಲ್ಲಿ ಕಾಂಗ್ರೆಸ್ಸಿನ ಜಾಕಿರ್ ಹುಸೇನ್ ಪಡೆದದ್ದು 4,71,244. ವಿರೋಧ ಪಕ್ಷಗಳ ಸುಬ್ಬರಾವ್ ಅವರಿಗೆ 3,63,971. ಪಕ್ಷ ಒಟ್ಟಾಗಿ ನಿಂತರೆ ರೆಡ್ಡಿಯವರು ಮೊದಲ ಸುತ್ತಿನಲ್ಲೇ ದಡ ಸೇರಬೇಕು. ಆದರೆ ಒಟ್ಟಾಗಿ ನಿಲ್ಲುವ ಭರವಸೆ ನಿಜಲಿಂಗಪ್ಪನವರಿಗೇ ಇರಲಿಲ್ಲ. 1969ರ ಮಧ್ಯಂತರ ಚುನಾವಣೆಯಲ್ಲಿ ಪಶ್ಚಿಮ ಬಂಗಾಳದಂಥ ಕಡೆ ಕಾಂಗ್ರೆಸ್ ನೆಲಕಚ್ಚಿತ್ತು. ಗಿರಿಯವರ ಹಿಂದೆ ಎರಡೂ ಕಮ್ಯುನಿಸ್ಟ್ ಪಕ್ಷಗಳು, ಡಿಎಂಕೆ, ಅಕಾಲಿ ದಳ ಸೇರಿದ್ದವು. ಇವು ಬಿಡಿಬಿಡಿಯಾಗಿ ಚಿಕ್ಕವು, ಆದರೆ ಗಟ್ಟಿ ಮತಗಳು.

ಹೀಗಾಗಿ ಕಾಂಗ್ರೆಸ್ ಮುಖಂಡರ ಕಣ್ಣು ಮೂರನೆಯ ಅಭ್ಯರ್ಥಿಯ ಮೇಲೆ ಬಿತ್ತು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅವರಿಗೆ ಜನಸಂಘ ಮತ್ತು ‘ಸ್ವತಂತ್ರ ಪಕ್ಷ’ ಎಂಬ ಎರಡು ವಿರೋಧ ಪಕ್ಷಗಳ ಬೆಂಬಲವಿತ್ತು. ದೇಶಮುಖ್ ಗೆಲ್ಲುವುದಿಲ್ಲ, ಅವರ ಮತಪತ್ರಗಳಲ್ಲಿ ರೆಡ್ಡಿಯವರ ಮುಂದೆ 2 ಬಿದ್ದಿದ್ದರೆ ಸಾಕು. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು ಇದನ್ನೇ ಕೇಳಿದರು.

ಕಾಗದದ ಮೇಲೆ ಇದು ಸರಿಯಾದ ಲೆಕ್ಕ. ಎಡವಟ್ಟಾದದ್ದು ಅದರ ಬೆಲೆಯಲ್ಲಿ. ಜನಸಂಘದ ಜೊತೆ ಮಾತುಕತೆ ನಡೆಯಿತೆಂಬುದು ಹೊರಬಿದ್ದ ಕೂಡಲೇ ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹಮದ್ ಅಧ್ಯಕ್ಷರಿಗೆ ಪತ್ರ ಬರೆದು ವಿವರಣೆ ಕೇಳಿದರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಇಂದಿರಾ ಗಾಂಧಿಯವರಿಗೆ ಬೇಕಾಗಿದ್ದ ನೆಪ ಸಿಕ್ಕಿತು. ಇಂಥವರಿಗೇ ಮತ ಹಾಕಿ ಎಂಬ ಪಕ್ಷದ ಆದೇಶವನ್ನು, ಅಂದರೆ ವಿಪ್ಪನ್ನು, ಅವರು ಕೊಡಲಿಲ್ಲ. ಆತ್ಮಸಾಕ್ಷಿಗೆ ಒಪ್ಪಿದಂತೆ ಮತ ಹಾಕಿ ಎಂಬ ಮಾತು ಹೊರಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ದೇಶಮುಖ್ ಕಡೆಯ ಒಬ್ಬ ಸಂಸದರ ಎರಡನೇ ಪ್ರಾಶಸ್ತ್ಯ ಸಿಕ್ಕರೆ ರೆಡ್ಡಿಯವರಿಗೆ 576 ಬರುತ್ತದೆ, ಅಷ್ಟೆ. ಅದಕ್ಕಾಗಿ ಕಾಂಗ್ರೆಸ್ಸಿನ ಒಬ್ಬ ಸಂಸದ ಮುನಿಸಿಕೊಂಡು ಗಿರಿಯವರ ಕಡೆಗೆ ಹೋದರೆ ಇತ್ತ 576 ಕಳೆದು ಅತ್ತ 576 ಕೂಡುತ್ತದೆ. ಅಂತರ 1,152ರಷ್ಟು ಸರಿಯುತ್ತದೆ. ಹೊರಗಿನ ಇಬ್ಬರನ್ನು ಒಲಿಸಿಕೊಂಡು ಒಳಗಿನ ಒಬ್ಬರನ್ನು ಕಳೆದುಕೊಂಡರೆ ಲಾಭ ಸೊನ್ನೆ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ 15 ಮಂದಿ. ನಾಮಪತ್ರಕ್ಕೆ ಆಗ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಸಾಕಿತ್ತಾದ್ದರಿಂದ ಈ ಜಾತ್ರೆ. ಅವರಲ್ಲೊಬ್ಬರಿಗೆ ಬಿದ್ದದ್ದು ಸರಿಯಾಗಿ 576, ಒಬ್ಬ ಸಂಸದರ ಮತದಷ್ಟು, ಹಲವರಿಗೆ ಸೊನ್ನೆ.

ಸಿಂಧು ಮತಗಳ ಮೌಲ್ಯ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಜಾಕಿರ್ ಹುಸೇನರಿಗೆ ಬಂದದ್ದರ ಪಕ್ಕದಲ್ಲಿ ರೆಡ್ಡಿಯವರ ಸಂಖ್ಯೆ ಇಟ್ಟು ನೋಡಿ: ಒಂದೂವರೆ ಲಕ್ಷಕ್ಕೂ ಹೆಚ್ಚು ಕಡಿಮೆ. ಮಧ್ಯಂತರ ಚುನಾವಣೆಯ ಸೋಲಿನ ಪಾಲು ತೆಗೆದರೂ ಉಳಿಯುವುದು ಒಡಕಿನ ಪಾಲೇ.

ಗಿರಿಯವರಿಗೆ ಇನ್ನು ಬೇಕಿದ್ದದ್ದು 16,654. ದೇಶಮುಖ್ ಮತ್ತು ಇತರರ ಮತಪತ್ರಗಳ ಒಟ್ಟು ಮೌಲ್ಯ 1,21,274. ಅದರಲ್ಲಿ ಏಳನೇ ಒಂದು ಪಾಲಿಗಿಂತಲೂ ಕಡಿಮೆ ಸಿಕ್ಕರೆ ಸಾಕು. ಹಂಚಿಕೆ ಮುಗಿದಾಗ ರೆಡ್ಡಿಯವರಿಗೆ 91,879 ಬಂದಿತ್ತು, ನಾಲ್ಕರಲ್ಲಿ ಮೂರು ಪಾಲು! ನಿಜಲಿಂಗಪ್ಪನವರು ಕೇಳಿದ್ದು ಬಹುಮಟ್ಟಿಗೆ ಸಿಕ್ಕಿತ್ತು ಎಂದೇ ಅನ್ನಬೇಕು. ಗಿರಿಯವರಿಗೆ ಬಂದದ್ದು 18,562 ಮಾತ್ರ. ಆದರೂ ಕೊನೆಯ ಲೆಕ್ಕ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಹದಿಮೂರು ಸಂಸದರು ಗಿರಿಯವರ ಬದಲು ರೆಡ್ಡಿಯವರಿಗೆ ಹಾಕಿದ್ದರೆ 14,976ರಷ್ಟು ಸರಿದು ಫಲಿತಾಂಶ ತಿರುಗಿಬೀಳುತ್ತಿತ್ತು.

ಆ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ರಾಷ್ಟ್ರಪತಿ ಗಿರಿ ತಾವೇ ಬಂದು ಸಾಕ್ಷ್ಯ ಹೇಳಿದರು, ಗೆಲುವು ಊರ್ಜಿತವಾಯಿತು. ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು.

ಒಂದು ವಾದ ಈಗಲೂ ಕೇಳಿಬರುತ್ತದೆ: ಎರಡನೇ ಪ್ರಾಶಸ್ತ್ಯ ಬರೆಯದೆ ಬಿಟ್ಟವರಿಂದ ರೆಡ್ಡಿ ಸೋತರು ಎಂದು. ಕೂಡಿ ಕಳೆದು ನೋಡಿದರೆ ಹಾಗೆ ಯಾರ ಪಾಲಿಗೂ ಸೇರದೆ ಹೋದದ್ದು 10,833. ಅಷ್ಟನ್ನೂ ರೆಡ್ಡಿಯವರ ಲೆಕ್ಕಕ್ಕೇ ಬರೆಯಿರಿ, 4,16,260 ಆಗುತ್ತದೆ. ಗಿರಿಯವರಿಗಿಂತ ಆಗಲೂ 3,817 ಕಡಿಮೆ.

ನಮಸ್ಕಾರ.