ನಮಗೆ ನಮ್ಮ ಗ್ರಾಮಸಭೆ ಬೇಕು

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: “ನಿಮ್ಮೂರು ಪಟ್ಟಣ ಪಂಚಾಯಿತಿ ಆಯಿತಲ್ಲ ಸ್ವಾಮಿ, ಸಂತೋಷಪಡುವುದು ಬಿಟ್ಟು ಬೆಂಗಳೂರಿನಲ್ಲಿ ಕುಳಿತು ಏಕೆ ಗೊಣಗುತ್ತೀರಿ?” ಮೂರು ದಿನದಿಂದ ಆ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ. ಇವತ್ತು ಕೆರೆಗಳ ಬಗ್ಗೆ ಮಾತನಾಡಬೇಕಿತ್ತು. ಅದು ಇನ್ನೊಂದು ದಿನ.

ನನ್ನ ತಕರಾರು ಒಂದೇ. ಊರು ಪಟ್ಟಣವಾದ ದಿನ ನಮ್ಮ ಗ್ರಾಮಸಭೆ ಹೋಯಿತು.

ಎಂಥ ಪಟ್ಟಣ ಅದು? ಬೆಂಗಳೂರಿನ ವಿಜಯನಗರದಲ್ಲಿ ಬಸ್ ಹತ್ತಿದರೆ ಒಂದೂವರೆ ಗಂಟೆಯ ದಾರಿ. ಐದು ಹಳ್ಳಿ ಕೂಡಿಸಿ ಒಂದು ಬೋರ್ಡು ನೆಟ್ಟಿದ್ದಾರೆ. ಒಂದು ಕಡೆ ತಿಗಳರ ಸೊಪ್ಪಿನ ಮಡಿಗಳು, ಇನ್ನೊಂದು ಕಡೆ ನಾಲ್ಕೈದು ಕುಂಬಾರರ ಮನೆ, ಊರಾಚೆ ಪರಿಶಿಷ್ಟರ ಕಾಲೊನಿ, ಅದರಾಚೆ ಕಾರ್ಖಾನೆ ಕೆಲಸಕ್ಕೆ ಬಂದ ರಾಯಚೂರು, ಕಲಬುರಗಿಯವರ ಬಾಡಿಗೆ ಮನೆಗಳ ಸಾಲು. ಸುಗ್ಗಿಯಲ್ಲಿ ಇವತ್ತಿಗೂ ಡಾಂಬರು ರಸ್ತೆಯ ಮೇಲೆ ರಾಗಿ ತೆನೆ ಹರಡುತ್ತಾರೆ. ಜನಸಂಖ್ಯೆ 10,000 ದಾಟಿತು ಎಂಬ ಲೆಕ್ಕ ಹಿಡಿದು ಪಟ್ಟಣ ಎಂದರು.

ಇವರೆಲ್ಲ ಒಂದೇ ಶಾಮಿಯಾನದ ಕೆಳಗೆ ಕೂರುತ್ತಿದ್ದುದು ಗ್ರಾಮಸಭೆಯಲ್ಲಿ ಮಾತ್ರ. ಶಾಲೆಯ ಅಂಗಳ. ಕೊನೆಯಲ್ಲಿ ಕೊಡುವ ಚಿತ್ರಾನ್ನಕ್ಕಾಗಿ ನಾವು ಹುಡುಗರೂ ಹಾಜರು. ಒಮ್ಮೆ ನಮ್ಮ ದೊಡ್ಡಮ್ಮ ಒಂದು ಕೊಡ ನೀರು ಹೊತ್ತು ತಂದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೇಜಿನ ಮೇಲೆಯೇ ಕುಕ್ಕಿದರು. ಕಾಗದಗಳೆಲ್ಲ ಒದ್ದೆ. ಕೊಡದ ತಳದಲ್ಲಿ ಬೆರಳುದ್ದ ಕೆಮ್ಮಣ್ಣು. “ಮೊದಲು ಇದನ್ನು ಒಂದು ಲೋಟ ಕುಡಿಯಪ್ಪ, ಆಮೇಲೆ ವರದಿ ಓದು” ಎಂದರು. ಆತ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಕೇಳಿ, ಆಮೇಲೆಯೇ ಹೆಬ್ಬೆಟ್ಟು ಒತ್ತಿದರು. ಆ ತಿಂಗಳೊಳಗೆ ಪೈಪು ಬದಲಾಯಿತು.

ಈಗ ಅದೇ ದೊಡ್ಡಮ್ಮ ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತಾರೆ. “ಮೊಬೈಲ್‌ನಲ್ಲಿ ದೂರು ಹಾಕಿ ಅಜ್ಜಿ” ಎನ್ನುತ್ತಾರೆ ಒಳಗಿನವರು. ಹೆಬ್ಬೆಟ್ಟು ಒತ್ತುವ ಹೆಂಗಸಿಗೆ!

ಕಾನೂನು ನೋಡಿ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಅದರ 243ಎ ವಿಧಿಯಲ್ಲಿ ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನಗರಗಳಿಗೆ 74ನೇ ತಿದ್ದುಪಡಿ. ಅದು ವಾರ್ಡ್ ಸಮಿತಿ ಕಡ್ಡಾಯ ಎಂದಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿಗೆ. ನಮ್ಮದು ಗ್ರಾಮವಲ್ಲ, ಆದ್ದರಿಂದ ಗ್ರಾಮಸಭೆ ಇಲ್ಲ. ಮೂರು ಲಕ್ಷವೂ ಇಲ್ಲ, ಆದ್ದರಿಂದ ಸಮಿತಿಯೂ ಕಡ್ಡಾಯವಲ್ಲ. ಹಾಗಾದರೆ ಆ ಕೊಡವನ್ನು ಯಾರ ಮೇಜಿನ ಮೇಲೆ ಇಡಬೇಕು?

“ಅನುದಾನ ಬರುತ್ತದೆ, ಬೀದಿ ದೀಪ ಬರುತ್ತದೆ” ಎನ್ನುತ್ತಾರೆ. ಬರಲಿ. ಮೊದಲ ದೀಪ ಕಾಲೊನಿಗೋ, ಹೊಸ ಬಡಾವಣೆಯ ಖಾಲಿ ನಿವೇಶನಗಳಿಗೋ ಎಂದು ಎಲ್ಲರೆದುರು ಕೇಳುವ ಜಾಗ ಎಲ್ಲಿದೆ? ವಸತಿ ಯೋಜನೆಯ ಮನೆ ಯಾರಿಗೆ ಎಂದು ಗ್ರಾಮಸಭೆಯಲ್ಲಿ ಹೆಸರು ಓದುತ್ತಿದ್ದರು, ತಪ್ಪು ಹೆಸರು ಬಂದರೆ ಅಲ್ಲೇ ಎದ್ದು ನಿಂತು ಪ್ರಶ್ನಿಸುತ್ತಿದ್ದರು. ಪಟ್ಟಣದಲ್ಲಿ ಅದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಕೆಲಸ. ಉದ್ಯೋಗ ಖಾತರಿಯ ಕೂಲಿ ಕೂಡ ಹಳ್ಳಿಗಷ್ಟೇ. ಅದೂ ಹೋಯಿತು.

“ಗ್ರಾಮಸಭೆಯಲ್ಲಿ ಬರೀ ಜಗಳ” ಎಂಬುದು ಇನ್ನೊಂದು ವಾದ. ಹೌದು, ಜಗಳವೇ! ಕುರ್ಚಿ ಎಸೆದದ್ದನ್ನೂ ನೋಡಿದ್ದೇನೆ. ಕಾಲೊನಿಯವರನ್ನು ಹಿಂದಿನ ಸಾಲಿಗೆ ತಳ್ಳಿದ್ದನ್ನೂ ನೋಡಿದ್ದೇನೆ, ಆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಮೈಕು ಕಿತ್ತುಕೊಂಡದ್ದನ್ನೂ ನೋಡಿದ್ದೇನೆ. ಮುಚ್ಚಿದ ಬಾಗಿಲ ಹಿಂದಿನ ಶಾಂತಿಗಿಂತ ಆ ಜಗಳ ನನಗೆ ಸಾವಿರ ಪಾಲು ಮೇಲು.

“ಮುಂದೆ ಬೆಂಗಳೂರಿಗೇ ಸೇರಬಹುದು” ಎಂದು ಕನಸು ಕಾಣುವವರಿಗೆ ಒಂದು ಮಾತು. 2007ರಲ್ಲಿ ಬೃಹತ್ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಆ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಮತ್ತೆ ಚುನಾವಣೆ ಕಾಣದೆಯೇ 2025ರಲ್ಲಿ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಇದಕ್ಕಾಗಿಯೇ ಆತುರ?

ಈ ಸಂಚಿಕೆಯನ್ನು ನಿಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ. ಚಾನೆಲ್‌ಗೆ ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ನಿಮ್ಮ ಪಟ್ಟಣ ಪಂಚಾಯಿತಿಯ ಕಥೆಯನ್ನು ಎರಡು ನಿಮಿಷ ಮಾತನಾಡಿ ಕಳುಹಿಸಿ, ಪ್ರಸಾರ ಮಾಡುತ್ತೇನೆ.

ಮತ್ತೆ ಹೇಳುತ್ತೇನೆ, ಸಭೆ ಬೇಕು. ಊರಸಭೆ ಎನ್ನಿ, ಪಟ್ಟಣಸಭೆ ಎನ್ನಿ, ಹೆಸರು ಏನಾದರೂ ಇರಲಿ. ಆರು ತಿಂಗಳಿಗೊಮ್ಮೆ ಶಾಮಿಯಾನ ಹಾಕಿ, ಮುಖ್ಯಾಧಿಕಾರಿಯನ್ನು ಕೂರಿಸಿ, ಪುಸ್ತಕ ತೆರೆಯಿರಿ. ಏಕೆ ಬೇಕು ಎಂದು ಇನ್ನೂ ಕೇಳುವವರಿದ್ದರೆ ಕೇಳಲಿ. ಬೇಕು, ಅಷ್ಟೇ!

ಮುಂದಿನ ಭಾನುವಾರ ಮೈಕು ಹಿಡಿದು ಊರಿಗೇ ಹೋಗುತ್ತಿದ್ದೇನೆ. ದೊಡ್ಡಮ್ಮ ಒಂದು ಕೊಡ ತುಂಬಿಸಿ ಇಟ್ಟಿರುತ್ತೇನೆ ಎಂದಿದ್ದಾರೆ.