ಕಾರಿನ ಪ್ರೈಮರ್ ಉಜ್ಜುವಾಗ ಕಪ್ಪು ಪುಡಿ ಯಾಕೆ ಬೇಕು?

[ದೃಶ್ಯ: ಬೂದು ಪ್ರೈಮರ್ ಹೊಡೆದ ಕಾರಿನ ಮುಂದಿನ ಬಾಗಿಲು]

ನಮಸ್ಕಾರ. ಈ ಬಾಗಿಲಿಗೆ ಟಿಂಕರಿಂಗ್ ಆಗಿದೆ, ಅಂದರೆ ನೆಗ್ಗಿದ ತಗಡು ಸರಿಮಾಡಿದ್ದಾಗಿದೆ. ತಗ್ಗು ತುಂಬಲು ಪುಟ್ಟಿ ಹಾಕಿ, ಬಣ್ಣದ ಅಡಿಗೆ ಬೇಕಾದ ಟೂಕೆ ಪ್ರೈಮರ್ (ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು) ಹೊಡೆದಾಗಿದೆ. ನುಣ್ಣಗೆ ಕಾಣ್ತಿದೆ, ಅಲ್ವಾ? ಆದರೆ ಪ್ರೈಮರ್‌ಗೆ ಹೊಳಪಿಲ್ಲ, ಹಾಗಾಗಿ ತಗ್ಗು ಉಬ್ಬು ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಮೇಲೆ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್ ಬಿದ್ದ ಮೇಲೆ ಬಿಸಿಲಿಗೆ ನಿಲ್ಲಿಸಿದರೆ ಎಲ್ಲವೂ ಎದ್ದು ಕಾಣುತ್ತದೆ.

ಬಣ್ಣ ಮುಚ್ಚಿಬಿಡುತ್ತದೆ ಅಂತ ನಂಬಬೇಡಿ. ಬಣ್ಣದ ಪದರ, ಅಂದರೆ ಬೇಸ್ ಕೋಟ್, ಒಣಗಿದ ಮೇಲೆ ಸಾಮಾನ್ಯವಾಗಿ 15ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ, ಅಷ್ಟೇ. ಉಜ್ಜುವ ಪಿ400 ಪೇಪರಿನ (ನಂಬರ್ ದೊಡ್ಡದಾದಷ್ಟು ಪೇಪರ್ ನುಣುಪು) ಕಣವೇ ಸುಮಾರು 35 ಮೈಕ್ರಾನ್ ಇರುತ್ತದೆ. ಒರಟು ಪೇಪರಿನ ಗೀರನ್ನು ಆ ತೆಳು ಬಣ್ಣ ಎಲ್ಲಿ ಮುಚ್ಚೀತು?

[ದೃಶ್ಯ: ಸ್ಪಂಜಿನಿಂದ ಕಪ್ಪು ಪುಡಿ ಸವರುವುದು, ಹತ್ತಿರದಿಂದ]

ಇದು ಗೈಡ್ ಕೋಟ್, ತಗ್ಗು ಉಬ್ಬು ಎಲ್ಲಿದೆ ಅಂತ ತೋರಿಸುವ ಕಪ್ಪು ಪುಡಿ. ಇದನ್ನು ದಯವಿಟ್ಟು ಬಿಡಬೇಡಿ. ಬಾಗಿಲಿನ ತುಂಬ ತೆಳ್ಳಗೆ ಸವರಿ. ಈಗ ಪಿ400 ಪೇಪರನ್ನು ಬ್ಲಾಕಿಗೆ, ಅಂದರೆ ಚಪ್ಪಟೆ ಹಿಡಿಕಟ್ಟಿಗೆ ಸುತ್ತಿ, ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಉಜ್ಜಿ. ಒತ್ತಬೇಡಿ. ಪೇಪರಿಗೆ ಪ್ರೈಮರ್ ಅಂಟಿ ಗಂಟು ಕಟ್ಟಿದರೆ ಅದು ಇನ್ನೂ ಒಣಗಿಲ್ಲ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ.

[ದೃಶ್ಯ: ಬ್ಲಾಕ್ ಹೋದಲ್ಲೆಲ್ಲ ಕಪ್ಪು ಹೋಗಿ ಬೂದು ಕಾಣುತ್ತಿದೆ, ನಡುವೆ ಕಪ್ಪು ಉಂಗುರ]

ನೋಡಿ, ಉಬ್ಬಿದ ಕಡೆ ಪುಡಿ ಮೊದಲು ಹೋಯಿತು. ಈ ಕಪ್ಪು ಉಂಗುರ ಪುಟ್ಟಿಯ ಅಂಚು, ಅಲ್ಲಿ ತಗ್ಗಿದೆ. ಈ ಸಣ್ಣ ಚುಕ್ಕೆಗಳು ಪಿನ್ ಹೋಲ್, ಅಂದರೆ ಸೂಜಿಮೊನೆಯಷ್ಟು ತೂತುಗಳು. ಕಪ್ಪು ಉಳಿದ ಜಾಗವನ್ನೇ ಬೆರಳಿನಿಂದ ಒತ್ತಿ ಉಜ್ಜೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಕಪ್ಪೇನೋ ಹೋಗುತ್ತದೆ, ತಗ್ಗು ಇನ್ನೂ ಆಳವಾಗುತ್ತದೆ! ಬ್ಲಾಕಿನಲ್ಲೇ ಸುತ್ತಲಿನ ಜಾಗವನ್ನೂ ಸೇರಿಸಿ ಮಟ್ಟ ಮಾಡಿ. ಕಪ್ಪು ಹೋಗುವ ಮೊದಲೇ ತಗಡೋ ಪುಟ್ಟಿಯೋ ಕಂಡರೆ ಉಜ್ಜುವುದು ಬಿಟ್ಟು, ತಗ್ಗು ತುಂಬಿ ಮತ್ತೆ ಪ್ರೈಮರ್ ಹೊಡೆಯಿರಿ. ಒಂದು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಬಾಗಿಲಿನ ಏಣು ಗೆರೆಯ ಮೇಲೆ ಟೇಪ್ ಅಂಟಿಸಿಕೊಳ್ಳಿ. ಅಲ್ಲಿ ಪ್ರೈಮರ್ ಬೇಗ ಸವೆಯುತ್ತದೆ.

ಮಟ್ಟ ಬಂದ ಮೇಲೆ ಮತ್ತೆ ಪುಡಿ ಸವರಿ, ಪಿ600ರಿಂದ ಉಜ್ಜಿ. ಈ ಸಲ ಆ ಪುಡಿ ಪಿ400ರ ಗೀರು ಉಳಿದಿದ್ದರೆ ತೋರಿಸುತ್ತದೆ. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣಕ್ಕೆ ಇದು ಬೇಕೇ ಬೇಕು. ಅಂಗಡಿಯಲ್ಲಿ ಪೇಪರಿನ ಹಿಂದೆ 'ಪಿ' ಅಕ್ಷರ ಇದೆಯಾ ನೋಡಿಕೊಳ್ಳಿ. ಅಮೆರಿಕದ ಹಳೆ ಅಳತೆಯ ಬರೀ 400 ಹೆಚ್ಚುಕಡಿಮೆ ಪಿ800ರಷ್ಟು ನುಣುಪು.

ನೀರು ಹಾಕಿ ಉಜ್ಜಬಹುದಾ? ನಮ್ಮಲ್ಲಿ ತುಂಬ ಗ್ಯಾರೇಜುಗಳಲ್ಲಿ ವಾಟರ್ ಪೇಪರೇ ರೂಢಿ, ಧೂಳು ಕಡಿಮೆ. ಆದರೆ ಪುಟ್ಟಿ ನೀರು ಹೀರುತ್ತದೆ. ಎಲ್ಲೋ ಪುಟ್ಟಿ ತೆರೆದುಕೊಂಡು ತೇವ ಒಳಗೆ ಉಳಿದರೆ ಮುಂದೆ ಬಣ್ಣ ಗುಳ್ಳೆ ಏಳಬಹುದು. ಮಳೆಗಾಲದಲ್ಲಂತೂ ಒಣಗಿಸುವುದೇ ಕಷ್ಟ. ನನ್ನ ಮಾತು ಕೇಳುವುದಾದರೆ ನೀರು ಹಾಕದೆಯೇ ಉಜ್ಜಿ. ಮೂಗಿಗೆ ಸುಮ್ನೆ ಕರ್ಚೀಫ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಹಾಕಿ.

[ದೃಶ್ಯ: ಗಾಳಿ ಹೊಡೆದು ಧೂಳು ತೆಗೆಯುವುದು]

ಸಂದಿಯ ಧೂಳು ಊದಿ ತೆಗೆಯಿರಿ. ಜಿಡ್ಡು ತೆಗೆಯುವ ಗ್ರೀಸ್ ರಿಮೂವರ್ ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತರೆ ಬಣ್ಣ ಅಲ್ಲಿ ಹಿಡಿಯುವುದಿಲ್ಲ. ಕೊನೆಗೆ ಧೂಳು ಹಿಡಿಯುವ ಅಂಟು ಬಟ್ಟೆ, ಅಂದರೆ ಟ್ಯಾಕ್ ಬಟ್ಟೆ ಹಗುರವಾಗಿ ಆಡಿಸಿ, ಬೇಸ್ ಕೋಟ್ ಶುರು ಮಾಡಿ.