ಮಂಡ್ಲಾದ ಕಾಡು, ಪ್ಯಾರಿಸ್ಸಿನ ಕ್ಯಾನ್ವಾಸು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಎಲ್ಲೇ ಚಿತ್ರಪ್ರದರ್ಶನ ನಡೆಯಲಿ, ಒಂದು ಪ್ರಶ್ನೆ ಬಂದೇ ಬರುತ್ತದೆ. ಗೋಡೆಯ ಮೇಲೆ ಬರೀ ಬಣ್ಣ, ಒಂದಿಷ್ಟು ಗೆರೆ. ಬಂದವರು ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ. ಆಮೇಲೆ ಮೆಲ್ಲಗೆ, ‘ಇದು ಏನು?’ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರ ನೋಡಿಕೊಂಡು ಬೆಳೆದ ಊರು ಇದು. ಅಲ್ಲಿ ಸೀರೆಯ ಜರಿ ಕೂಡ ಕಣ್ಣಿಗೆ ಕಾಣುತ್ತದೆ. ಇದೇ ಮೈಸೂರಿನ ಅರಸರ ಆಶ್ರಯದಲ್ಲಿದ್ದ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಮಂಜು ಎಲ್ಲಿ ದಟ್ಟ, ಎಲ್ಲಿ ತೆಳು ಅನ್ನುವುದನ್ನೂ ಬಿಡದೆ ಬರೆದರು. ಅದಕ್ಕೆ ಒಗ್ಗಿದ ಕಣ್ಣಿಗೆ ಬರೀ ಬಣ್ಣದ ಚಿತ್ರ ಖಾಲಿ ಅನ್ನಿಸುವುದು ಸಹಜ, ಅಲ್ವಾ?

ಆದರೆ ಇದೇ ಊರಿನಲ್ಲಿ ಬೆಳಗಾದರೆ ಮನೆ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡುತ್ತಾರೆ. ಅದನ್ನು ನೋಡಿ ‘ಇದು ಏನು?’ ಅಂತ ಯಾರೂ ಕೇಳುವುದಿಲ್ಲ. ಗೆರೆ ಎಲ್ಲಿ ತಿರುಗಿತು, ಎಲ್ಲಿ ಕೂಡಿತು ಅಂತ ನೋಡುತ್ತೇವೆ, ಖುಷಿಪಡುತ್ತೇವೆ. ಅಂದರೆ ಆ ಕಣ್ಣೂ ನಮ್ಮಲ್ಲಿದೆ. ಚಿತ್ರಶಾಲೆಗೆ ಹೋಗುವಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಇವತ್ತು ಆ ಕಣ್ಣಿಟ್ಟುಕೊಂಡು ಒಬ್ಬ ಚಿತ್ರಕಾರರ ಹತ್ತಿರ ಹೋಗೋಣ. ಅವರು ಸಯ್ಯದ್ ಹೈದರ್ ರಝಾ.

ರಝಾ ಹುಟ್ಟಿದ್ದು 1922ರಲ್ಲಿ, ಈಗಿನ ಮಧ್ಯಪ್ರದೇಶದ ಮಂಡ್ಲಾ ಸೀಮೆಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರರು. ಹಾಗಾಗಿ ಹುಡುಗನ ಮನೆಯ ಸುತ್ತ ಕಾಡು. ಹತ್ತಿರದಲ್ಲೇ ನರ್ಮದೆ. ಕಾಡಿನ ರಾತ್ರಿ ಅವರಿಗೆ ಬಹಳ ಭಯ ಹುಟ್ಟಿಸುತ್ತಿತ್ತು. ಆ ಕತ್ತಲೆಯಲ್ಲಿ ಅಲ್ಲಿನ ಬುಡಕಟ್ಟಿನವರಾದ ಗೊಂಡರ ಕುಣಿತವೊಂದೇ ಮನುಷ್ಯರ ಸದ್ದು. ಬೆಳಗಾದರೆ ಜೀವ ಬಂದಂತಾಗುವುದು. ಸಂತೆಯ ದಿನ ಬಿಸಿಲಿನಲ್ಲಿ ಬಣ್ಣವೋ ಬಣ್ಣ. ಮತ್ತೆ ರಾತ್ರಿ. ದೊಡ್ಡವರಾದ ಮೇಲೂ ರಝಾ ಇದನ್ನು ಹೇಳಿಕೊಂಡಿದ್ದಾರೆ. ರಾತ್ರಿ ಸರದಿಯಲ್ಲಿ ಗದ್ದೆಗೆ ನೀರು ಕಟ್ಟಲು ಹೋಗಿರುವ ಮಂಡ್ಯದ ರೈತರಿಗೆ ಆ ಕತ್ತಲೆಯ ಗುರುತು ಇದ್ದೇ ಇರುತ್ತದೆ.

ಇನ್ನೊಂದು ಸಂಗತಿ. ಹುಡುಗನಿಗೆ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತಾ ಕೂತಿರು ಅಂದರು. ಆ ಚುಕ್ಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾಗಪುರದಲ್ಲಿ, ಮುಂಬೈಯಲ್ಲಿ ಓದು. 1947ರಲ್ಲಿ ಸೋಜಾ, ಹುಸೇನ್, ಆರಾ ಮೊದಲಾದವರ ಜೊತೆ ಸೇರಿ ಪ್ರಗತಿಶೀಲ ಕಲಾವಿದರ ಗುಂಪು. ಆಗ ರಝಾ ಬರೆಯುತ್ತಿದ್ದದ್ದು ಮುಂಬೈಯ ಬೀದಿ, ಕಾಶ್ಮೀರದ ಊರು. ಕಾಶ್ಮೀರದಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸೋನ್ ಆ ಚಿತ್ರಗಳನ್ನು ನೋಡಿದರು. ಪ್ರತಿಭೆ ಇದೆ, ಆದರೆ ಚಿತ್ರದ ಕಟ್ಟೋಣ ಗಟ್ಟಿಯಿಲ್ಲ, ಫ್ರಾನ್ಸಿನ ಹಿಂದಿನ ಚಿತ್ರಕಾರ ಸೆಜಾನ್ ಅವರ ಚಿತ್ರಗಳನ್ನು ನೋಡಿ ಅಂದರು. ಎಳೆಯ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಗುವುದು ಅಪರೂಪ. ರಝಾ ಅದನ್ನು ಹಿಡಿದುಕೊಂಡು 1950ರಲ್ಲಿ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್ಸಿಗೆ ಹೋದರು. ಅಲ್ಲೇ ಅರವತ್ತು ವರ್ಷ ಇದ್ದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಆ ಹೊತ್ತಿನ ಚಿತ್ರಗಳಲ್ಲಿ ಹಳ್ಳಿ ಇದೆ, ಮನೆಗಳಿವೆ, ಚರ್ಚಿನ ಗೋಪುರ ಇದೆ. ಜನರಿಲ್ಲ.

ನನಗೆ ತುಂಬ ಮುಖ್ಯ ಅನ್ನಿಸುವುದು ಆಮೇಲೆ ಆದದ್ದು. 1962ರಲ್ಲಿ ರಝಾ ಪಾಠ ಹೇಳಲು ಅಮೆರಿಕದ ಬರ್ಕ್ಲಿಗೆ ಹೋದರು. ಆ ದೇಶದಲ್ಲಿ ಅಲ್ಲಿನ ಚಿತ್ರಕಾರ ಮಾರ್ಕ್ ರಾಥ್ಕೋ ಅವರ ಚಿತ್ರಗಳನ್ನು ನೋಡಿದರು. ಬರೀ ಬಣ್ಣದ ಹಾಸು ಮನುಷ್ಯನನ್ನು ಅಲ್ಲಾಡಿಸಬಲ್ಲದು ಅನ್ನುವುದು ಮನಸ್ಸಿಗೆ ನಾಟಿತು. ಮೆಲ್ಲಮೆಲ್ಲಗೆ ಮನೆಗಳು ಕರಗಿದವು. ಮರ ಹೋಯಿತು, ದಿಗಂತದ ಗೆರೆ ಹೋಯಿತು. ಹೀಗೆ ಒಂದೊಂದೇ ಕಳಚುತ್ತಾ ಹೋದಾಗ ಏನು ಉಳಿಯಿತು ಗೊತ್ತಾ? ಮಂಡ್ಲಾದ ಕಾಡು.

1970ರ ದಶಕದಲ್ಲಿ ಅವರು ‘ಭೂಮಿ’ ಅನ್ನುವ ಹೆಸರಿನಲ್ಲಿ ಚಿತ್ರಗಳನ್ನು ಬರೆದರು. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಹೇಳಿ ನೋಡುತ್ತೇನೆ. ಕ್ಯಾನ್ವಾಸಿನ ತುಂಬ ಗಾಢ ಕಪ್ಪು. ಆ ಕಪ್ಪಿನ ನಡುವೆ ಅಲ್ಲಲ್ಲಿ ಕೆಂಪು, ಕಾವಿ, ಹಳದಿ ಬಣ್ಣ ಒಡೆದು ಬರುತ್ತದೆ. ಕುಂಚ ಅವಸರವಾಗಿ ಓಡಾಡಿದೆ. ಅಲ್ಲಿ ಒಂದು ಎಲೆಯೂ ಇಲ್ಲ. ಆದರೂ ನೋಡುತ್ತಾ ನಿಂತರೆ ರಾತ್ರಿ ಕಾಡಿನೊಳಗೆ ದೂರದಲ್ಲಿ ಬೆಂಕಿ ಹತ್ತಿದೆ, ಯಾರೋ ಇದ್ದಾರೆ ಅನ್ನಿಸುತ್ತದೆ. ಭಯ, ಧೈರ್ಯ ಎರಡೂ ಒಟ್ಟಿಗೆ.

ಇದನ್ನು ಬರೆಯುವಾಗ ಅವರು ಇದ್ದದ್ದು ಫ್ರಾನ್ಸಿನಲ್ಲಿ. ದಕ್ಷಿಣದ ಗೋರ್ಬಿಯೋ ಅನ್ನುವ ಬೆಟ್ಟದೂರಿನಲ್ಲಿ ಅವರ ಇನ್ನೊಂದು ಮನೆ. ಎದುರಿಗೆ ಬೇರೆಯೇ ಬೆಟ್ಟ, ಬೇರೆಯೇ ಬೆಳಕು. ಬಿಟ್ಟು ಬಂದ ನೆಲದ ಆಕಾರ ಎಷ್ಟೋ ವರ್ಷದ ಮೇಲೆ ಮಸುಕಾಗುತ್ತದೆ. ಅದರ ಕಾವು, ಕತ್ತಲೆ ಮಸುಕಾಗುವುದಿಲ್ಲ. ರಝಾ ಬರೆದದ್ದು ಆ ಉಳಿದದ್ದನ್ನು. ಅದಕ್ಕೇ ಅಮೂರ್ತ ಕಲೆ, ಅಂದರೆ ಗುರುತು ಸಿಗುವ ಆಕಾರಗಳಿಲ್ಲದ ಇಂಥ ಕಲೆ, ನಿಸರ್ಗವನ್ನು ಬಿಟ್ಟು ಹೋಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಶಿಮ್ಲಾ ಕಡೆಯ ಚಿತ್ರಕಾರ ರಾಮ್ ಕುಮಾರ್ ಅವರದೂ ಇಂಥದೇ ದಾರಿ. 1960ರಲ್ಲಿ ಹುಸೇನ್ ಜೊತೆ ಕಾಶಿಗೆ ಹೋಗಿ ಬಂದ ಮೇಲೆ ಅವರ ಚಿತ್ರಗಳಿಂದ ಮನುಷ್ಯರು ಮರೆಯಾದರು. ಮೊದಲು ಗಂಗೆಯ ದಡದ ಮನೆಗಳು ಉಳಿದವು. ಆಮೇಲೆ ಅವೂ ಹೋಗಿ ಬೂದು, ನೀಲಿ, ಹಸಿರಿನ ಪದರಗಳು ಮಾತ್ರ ಉಳಿದವು.

ಈಗ ಆ ಚುಕ್ಕೆ. 1970ರ ದಶಕದ ಕೊನೆಯ ಹೊತ್ತಿಗೆ ರಝಾ ಚಿತ್ರಗಳ ನಡುವೆ ಒಂದು ಕಪ್ಪು ಬಿಂದು ಬಂದು ಕೂತಿತು. ಅವರ ಪಾಲಿಗೆ ಅದು ಬೀಜ. ಮೊಳಕೆಯನ್ನೇ ವಿಷಯ ಮಾಡಿಕೊಂಡು ಅವರು ಎಷ್ಟೋ ಚಿತ್ರ ಬರೆದಿದ್ದಾರೆ. 1983ರ ‘ಸೌರಾಷ್ಟ್ರ’ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚಿತ್ರ. ಉರಿಬಿಸಿಲಿನ ಕೆಂಪು, ಕಾವಿ, ಜೊತೆಗೆ ಈ ಕಪ್ಪು ಬಿಂದು. 2010ರಲ್ಲಿ ಅದು 16 ಕೋಟಿ ರೂಪಾಯಿಗೂ ಜಾಸ್ತಿಗೆ ಹರಾಜಾಯಿತು. ಆ ಅಂಕಿಯ ಗದ್ದಲದಲ್ಲಿ ಅಲ್ಲಿರುವ ನೆಲವನ್ನು ನೋಡುವುದು ತಪ್ಪಿಹೋಗಬಾರದು. ಕೊನೆಕೊನೆಯ ಬಿಂದು ಚಿತ್ರಗಳು ತುಂಬ ಅಚ್ಚುಕಟ್ಟು. ವೃತ್ತ, ತ್ರಿಕೋನ, ಅಳೆದಿಟ್ಟ ಬಣ್ಣ. ನನಗೆ ಅವುಗಳಿಗಿಂತ ಎಪ್ಪತ್ತರ ದಶಕದ ಆ ಒರಟು ಕಪ್ಪು ಚಿತ್ರಗಳೇ ಇಷ್ಟ. ಅಲ್ಲಿ ಮಣ್ಣು ಇನ್ನೂ ಹಸಿಯಾಗಿದೆ.

2010ರ ಕೊನೆಯಲ್ಲಿ ರಝಾ ದೆಹಲಿಗೆ ವಾಪಸ್ ಬಂದರು. ವಯಸ್ಸು ಆಗಲೇ 88. ಇಲ್ಲೂ ಬರೆಯುತ್ತಲೇ ಇದ್ದರು. 2016ರ ಜುಲೈನಲ್ಲಿ ತೀರಿಕೊಂಡರು. ಅವರ ಆಸೆಯಂತೆ ಮಂಡ್ಲಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಚಿತ್ರ ಕಲಿಯುತ್ತಿರುವ ಮಕ್ಕಳಿಗೆ ಒಂದು ಮಾತು. ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಗೋ ಪಾಂಡವಪುರದ ಕುಂತಿಬೆಟ್ಟಕ್ಕೋ ಹೋಗಿ. ಫೋಟೋ ತೆಗೆಯಬೇಡಿ, ಸುಮ್ನೆ ಕೂತು ನೋಡಿ. ಒಂದು ವಾರ ಬಿಟ್ಟು, ನೆನಪಿನಲ್ಲಿ ಉಳಿದ ಬಣ್ಣಗಳನ್ನು ಮಾತ್ರ ಕಾಗದದ ಮೇಲೆ ಹಚ್ಚಿ.

ದೆಹಲಿಗೆ ಹೋದವರು ಅಲ್ಲಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ರಝಾ ಚಿತ್ರಗಳನ್ನು ಕೇಳಿ ನೋಡಿ. ಮೊಬೈಲ್ ಪರದೆಯಲ್ಲಿ ಆ ಕಪ್ಪು ಬರೀ ಕಪ್ಪಾಗಿಯೇ ಕಾಣುತ್ತದೆ, ಮೂಲಚಿತ್ರದ ಎದುರೇ ನಿಲ್ಲಬೇಕು. ಮೊದಲು ನಾಲ್ಕು ಹೆಜ್ಜೆ ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ. ಪಕ್ಕದ ಚೀಟಿಯಲ್ಲಿರುವ ಹೆಸರನ್ನು ಕೊನೆಗೆ ಓದಿ.

ನಮಸ್ಕಾರ.